ಕಿಟಕಿ ಬಳಿ ಕೂತವನ ಉಸಿರು

ಸಿನಿಮಾದಲ್ಲಿ ನಾಯಕ ನಡೆದರೆ ಹೆಜ್ಜೆ ಸಪ್ಪಳ ನನ್ನದು, ಅವನು ಅಂಗಿ ಸರಿಪಡಿಸಿಕೊಂಡರೆ ಸರಸರ ನನ್ನದು. ಸ್ಟುಡಿಯೋದಲ್ಲಿ ಇಂಥ ಶಬ್ದ ಹೊಂದಿಸುವುದೇ ನನ್ನ ಹೊಟ್ಟೆಪಾಡು. ಈ ಸಲದ ನಾಯಕ ಮಾತ್ರ ನನ್ನ ತಲೆ ತಿಂದುಬಿಟ್ಟ. ಅವನು ಮನುಷ್ಯನೋ, ಮನುಷ್ಯನಂತೆ ಮಾಡಿದ ಯಂತ್ರವೋ, ಸಿನಿಮಾ ಮುಗಿದರೂ ಗೊತ್ತಾಗುವುದಿಲ್ಲ. ನಿರ್ದೇಶಕಿಯನ್ನೇ ಕೇಳಿದೆ.

"ಗೊತ್ತಾದ್ರೆ ನೀವು ಶಬ್ದದಲ್ಲೇ ಸುಳಿವು ಕೊಟ್ಟುಬಿಡ್ತೀರಿ. ಗೊತ್ತಿಲ್ಲದೇ ಮಾಡಿ," ಎಂದರು. "ಈ ಗುಟ್ಟು ಎಲ್ಲಾದ್ರೂ ಹೊರಗೆ ಬಿತ್ತೋ, ನನ್ನ ಮೂರು ವರ್ಷದ ಕೆಲಸ ಮಣ್ಣುಪಾಲು."

ಕೊನೆಯ ದೃಶ್ಯದಲ್ಲಿ ಅವನು ಕಿಟಕಿ ಬಳಿ ಸುಮ್ಮನೆ ಕೂತಿರುತ್ತಾನೆ. ಉಸಿರು ಕೇಳಿಸಿದರೆ ಮನುಷ್ಯ ಎಂದು ಸಾರಿದಂತೆ. ಹಾಗಾಗಿ ಅಲ್ಲಿ ಬರೀ ಕೋಣೆಯ ಮೌನ ಇಡಬೇಕಿತ್ತು. ನಮ್ಮ ಕಸುಬಿನಲ್ಲಿ ಮೌನವನ್ನೂ ರೆಕಾರ್ಡ್ ಮಾಡಬೇಕು. ಪೂರ್ತಿ ಖಾಲಿ ಬಿಟ್ಟರೆ ಪ್ರೇಕ್ಷಕರು ಸ್ಪೀಕರ್ ಕೆಟ್ಟಿತೆಂದು ಗಲಾಟೆ ಮಾಡುತ್ತಾರೆ.

ನಿಜ ಹೇಳಬೇಕೆಂದರೆ, ಅವನು ಮನುಷ್ಯನಾಗಿರಲಿ ಎಂದೇ ನನ್ನ ಆಸೆ. ಅಷ್ಟು ದಿನ ಅವನ ಬೂಟು ಹಾಕಿಕೊಂಡು ಓಡಾಡಿದವನಲ್ಲವೇ ನಾನು.

ಸಿನಿಮಾ ಪರೀಕ್ಷಿಸಲು ನಿರ್ದೇಶಕಿಯೂ ನಾನೂ ಕೂತೆವು. ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿಯೂ ಪಕ್ಕದಲ್ಲಿ ಕೂತಳು. ಕೊನೆಯ ದೃಶ್ಯ ಬಂತು.

"ಮನುಷ್ಯನೇ," ಎಂದಳು ಹೆಂಡತಿ.

"ಹೇಗೆ ಹೇಳ್ತೀರಿ?" ನಿರ್ದೇಶಕಿ ನೆಟ್ಟಗೆ ಕೂತರು.

"ಉಸಿರಾಡ್ತಿದಾನಲ್ಲ. ಅದೂ ನಮ್ಮೆಜಮಾನ್ರ ಹಾಗೇ, ಮೂಗಲ್ಲಿ ಸಣ್ಣಗೆ ಪೀಪಿ."

ಆಗಲೇ ನನಗೆ ನೆನಪಾಯಿತು. ಮೌನ ರೆಕಾರ್ಡ್ ಮಾಡುವಾಗ ಹೊರಗಿರಬೇಕಿದ್ದ ನಾನು ಮೈಕಿನ ಪಕ್ಕದಲ್ಲೇ ನಿಂತಿದ್ದೆ. ನಿರ್ದೇಶಕಿಯ ಮುಖ ಸಪ್ಪಗಾಯಿತು. "ತೆಗೀರಿ," ಎಂದರು, ಅಷ್ಟೇ.

ಈ ಸಲ ಹೊರಗೆ ನಿಂತು, ಬಾಗಿಲು ಹಾಕಿ, ಮತ್ತೆ ರೆಕಾರ್ಡ್ ಮಾಡಿದೆ. ಹಳೆಯದನ್ನು ಅಳಿಸುವಾಗ ಮಾತ್ರ ಕೈ ಓಡಲಿಲ್ಲ. ಯಾರದೋ ಕತ್ತು ಹಿಸುಕಿದಂತೆ ಸಂಕಟವಾಯಿತು. ಆದರೂ ಅಳಿಸಿದೆ.

ದೃಶ್ಯವನ್ನು ಮತ್ತೆ ಹಾಕಿದೆವು. ಮೂವರೂ ಕಿವಿ ನಿಮಿರಿಸಿ ಕೂತೆವು.

"ಇನ್ನೂ ಇದೆ," ಎಂದರು ನಿರ್ದೇಶಕಿ.

"ಅಳಿಸಿದೀನಿ ಮೇಡಂ. ಅದು ಇಲ್ಲಿ ಕೂತಿರೋ ನಾನು."

ಅವರು ಒಮ್ಮೆ ನನ್ನನ್ನು, ಒಮ್ಮೆ ಪರದೆಯನ್ನು ನೋಡಿದರು. "ಥಿಯೇಟರಲ್ಲೂ ಪಕ್ಕದ ಸೀಟಲ್ಲಿ ಯಾರಾದ್ರೂ ಉಸಿರಾಡ್ತಾನೇ ಇರ್ತಾರೆ," ಎಂದರು ನಿಧಾನವಾಗಿ. "ಉಸಿರು ಅವನದೋ ಪಕ್ಕದವರದೋ, ಯಾರಿಗೂ ಖಾತ್ರಿ ಆಗಲ್ಲ." ಅಷ್ಟು ದಿನಗಳಲ್ಲಿ ಅವರು ನಕ್ಕಿದ್ದನ್ನು ಅಂದೇ ಕಂಡೆ.

ನನಗೂ ಕುತೂಹಲ ತಡೆಯಲಾಗಲಿಲ್ಲ. ಉಸಿರು ಬಿಗಿಹಿಡಿದು ಪರದೆಯ ಮೇಲಿದ್ದ ಅವನನ್ನೇ ನೋಡಿದೆ. ಕೋಣೆ ಸ್ತಬ್ಧವಾಯಿತು.

ಹೆಂಡತಿ ನನ್ನ ಮೊಣಕೈ ತಿವಿದಳು. "ಉಸಿರಾಡ್ರೀ. ಪಾಪ, ಅವನು ಯಂತ್ರ ಆಗ್ತಿದಾನೆ."