ಮೊದಲ ಬೆಳಗಿನ ಮೊಲಗಳು

"ಕಿವಿ ಹಿಡೀಬೇಡಿ ಅಮ್ಮ, ಕತ್ತಿನ ಹಿಂದಿನ ಚರ್ಮ ಹಿಡೀರಿ," ಎಂದಳು ಪಶುವೈದ್ಯೆ ಡಾಕ್ಟರ್ ಮರ್ವತ್.

ಅತಿಯಾತ್ ಹಿಡಿತ ಬದಲಿಸಿದಳು. ಬಿಳಿ ಹೆಣ್ಣು ಮೊಲ ಹಿಂಗಾಲು ಝಾಡಿಸಿ ಸುಮ್ಮನಾಯಿತು. ನುಸಿ ಕೊರೆದು ಅದರ ಕಿವಿಯೊಳಗೆ ಕಂದು ಹಕ್ಕಳೆ ಕಟ್ಟಿತ್ತು. ಮಾಳಿಗೆಯ ಮೇಲಿನ ಹದಿನಾರು ಮೊಲಗಳಲ್ಲಿ ಇದೇ ಕೊನೆಯದು. ಪ್ರತಿಯೊಂದನ್ನೂ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದ ಮೇಲೆಯೇ ಡಾಕ್ಟರ್ ಸೂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದಳು. ಇಷ್ಟು ಚೂರು ಸಾಕೇ ಎಂದು ಅತಿಯಾತ್ ಕೇಳಿದ್ದಕ್ಕೆ, ಇದು ಕುರಿಗೆಂದು ಮಾಡಿದ ಔಷಧಿ, ಅಳತೆ ಮೀರಿದರೆ ನುಸಿಯ ಜೊತೆ ಮೊಲವೂ ಹೋಗುತ್ತದೆ ಎಂದಿದ್ದಳು. ಪಕ್ಕದ ಮನೆಯ ಉಮ್ಮ್ ಸಾಬಿರ್ ತನ್ನ ಕಾವಲು ನಾಯಿಗೆ ಸಿಂಪಡಿಸುವ ಸೀಸೆಯನ್ನು ಪ್ರೀತಿಯಿಂದ ತಂದುಕೊಟ್ಟಿದ್ದಳು. ಅದರ ಚೀಟಿ ಓದಿ, ನಾಯಿಗೆ ಇದು ಸರಿ, ಮೊಲಕ್ಕೆ ವಿಷ ಎಂದು ಡಾಕ್ಟರ್ ಅದನ್ನು ದೂರವಿಟ್ಟಿದ್ದಳು.

ಚೀಲ ಮುಚ್ಚುತ್ತ ಅವಳು ಹೇಳಿದಳು: "ಎರಡು ವಾರಕ್ಕೆ ಇನ್ನೊಂದು ಸೂಜಿ. ಅದಾದ ಮೇಲೂ ಒಂದು ತಿಂಗಳು ಯಾವುದನ್ನೂ ತಿನ್ನಬೇಡಿ. ಹೇಗೂ ಕೊಯ್ಯೋದಿಲ್ಲ ಅಂದ್ರಲ್ಲ."

ಅತಿಯಾತ್ ತಲೆಯಾಡಿಸಿದಳು. ಬೇಗ ಯಾವುದನ್ನಾದರೂ ಕೊಯ್ಯುತ್ತೀರಾ ಎಂಬುದೇ ಡಾಕ್ಟರ್ ಬಂದೊಡನೆ ಕೇಳಿದ ಮೊದಲ ಪ್ರಶ್ನೆ. ಇಲ್ಲ ಎಂದಿದ್ದಳು ಅತಿಯಾತ್. ಮದುಮಗಳಿಗೆಂದು ಸಾಕಿದ ಪ್ರಾಣಿಯ ವಿಷಯವನ್ನು ಹೊರಗಿನವರ ಎದುರು ಯಾರಾದರೂ ಬಾಯಿ ಬಿಡುತ್ತಾರೆಯೇ? ಕಣ್ಣು ಬೀಳುತ್ತದೆ. ಮಗಳು ರಾವ್ಯಾಳ ಮದುವೆ ಮುಂದಿನ ವಾರದ ಗುರುವಾರ. ಮರುದಿನ ಬೆಳಿಗ್ಗೆ ಹೆಣ್ಣಿನ ತಾಯಿ ಬೀಗರ ಮನೆಗೆ ಅಡುಗೆ ಹೊತ್ತು ಹೋಗಬೇಕು. ನಿಶ್ಚಿತಾರ್ಥದ ದಿನ ಇವಳ ಕೈಯ ಮೊಲ ತಿಂದ ಬೀಗಿತ್ತಿ ದೌಲತ್, ನದಿಯಾಚೆ ತನ್ನ ಓಣಿಗೆಲ್ಲ ಅದನ್ನು ಸಾರಿ, ಆ ಬೆಳಿಗ್ಗೆ ಊಟಕ್ಕೆ ಬನ್ನಿ ಎಂದು ನಾದಿನಿಯರನ್ನೆಲ್ಲ ಕರೆದಿದ್ದಳು.

ಗಂಡ ಮಿತ್ವಲ್ಲಿಗೆ ಸುದ್ದಿ ಕೇಳಿ ಮೊದಲು ನಗು ಬಂತು, ಆಮೇಲೆ ಅವಳ ಮುಖ ನೋಡಿ ನಿಲ್ಲಿಸಿದ. ಸಂತೆಯಿಂದ ಬೇರೆ ಮೊಲ ತಂದರಾಯಿತು ಎಂದ. ಅವಕ್ಕೆ ಯಾರು ಯಾವ ಸೂಜಿ ಹಾಕಿದ್ದಾರೋ ಯಾರಿಗೆ ಗೊತ್ತು ಎಂದಳು ಅವಳು. ಉಮ್ಮ್ ಸಾಬಿರಳದು ಇನ್ನೂ ಸುಲಭದ ದಾರಿ.

"ಚೆನ್ನಾಗಿ ಕುದಿಸಿಬಿಡೇ. ಔಷಧಿಯೆಲ್ಲ ಆವಿಯಾಗಿ ಹೋಗುತ್ತೆ. ನೀನು ಹೇಳಲ್ಲ, ನಾನು ಹೇಳಲ್ಲ, ಮೊಲವಂತೂ ಮೊದಲೇ ಹೇಳಲ್ಲ."

ಅತಿಯಾತ್ ಫೋನಿನಲ್ಲಿ ಡಾಕ್ಟರನ್ನು ಕೇಳಿದಳು. ಕುದಿಸಿದರೂ ಪೂರ್ತಿ ಹೋಗುವುದಿಲ್ಲ ಎಂಬ ಉತ್ತರ ಬಂತು. ಮುಂದಿನ ದಿನಗಳಲ್ಲಿ ಅವಳು ಮಾಳಿಗೆಯ ಮೇಲೆಯೇ ಹೆಚ್ಚು ಕುಳಿತಳು. ಹಕ್ಕಳೆ ಉದುರಿ ಮೊಲಗಳ ಕಿವಿ ತಿಳಿಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಅವು ಹಸಿ ಹುಲ್ಲನ್ನು ಕರಕರ ಜಗಿಯುವುದನ್ನು ನೋಡುತ್ತಿದ್ದರೆ ಸಂತೋಷವಾಗುತ್ತಿತ್ತು. ಆ ಸಂತೋಷದ ಅಡಿಯಲ್ಲೇ ಒಂದು ತಟ್ಟೆಯೂ ಅದರ ಸುತ್ತ ಕುಳಿತ ಹೆಂಗಸರೂ ಕಾಣುತ್ತಿದ್ದರು. ಸುಮ್ಮನಿದ್ದುಬಿಡುವುದು ಎಷ್ಟು ಸುಲಭ. ಆದರೆ ಆ ತಟ್ಟೆಯ ಮೊದಲ ತುತ್ತು ರಾವ್ಯಾಳದು.

ಮದುವೆಯ ಮರುದಿನ, ಶುಕ್ರವಾರ ಬೆಳಿಗ್ಗೆ ಎರಡು ಟುಕ್‌ಟುಕ್‌ಗಳು ಅತಿಯಾತಳ ಊರು ಝಿಫ್ತಾದ ಸೇತುವೆ ದಾಟಿ ನದಿಯಾಚೆಯ ಬೀಗರ ಊರು ಮಿತ್ ಘಮ್ರ್ ಸೇರಿದವು. ದೌಲತಳ ಅಂಗಳದಲ್ಲಿ ನಾದಿನಿಯರು ನಾಲಿಗೆ ಹೊರಳಿಸಿ ಕೂಗುವ ಸಂಭ್ರಮದ ಉಲಿಗಳು ಒಂದರ ಮೇಲೊಂದು ಎದ್ದವು. ದೌಲತ್ ತಾನೇ ತಟ್ಟೆಯ ಬಟ್ಟೆ ಸರಿಸಿದಳು. ಕೆಂಪಗೆ ಹುರಿದ ಆರು ಬಾತುಕೋಳಿ. ಉಲಿ ನಿಂತಿತು.

"ಮೊಲ?" ಎಂದಳು ದೌಲತ್.

ಅತಿಯಾತ್ ಹಿಂದೆ ತಿರುಗಿದಳು. ಗಂಡ ಮಿತ್ವಲ್ಲಿ ಖರ್ಜೂರದ ಗರಿದಿಂಡಿನ ಪಂಜರವೊಂದನ್ನು ಇಳಿಸುತ್ತಿದ್ದ. ಒಳಗೆ ನಾಲ್ಕು ಮೊಲಗಳು ಜೀವಂತ ಕೂತಿದ್ದವು. ಅತಿಯಾತ್ ಕಣ್ಣುಬೀಳುವ ಭಯದಿಂದ ಹಿಡಿದು ಡಾಕ್ಟರ್ ಹೇಳಿದ ತಿಂಗಳ ತನಕ ಒಂದನ್ನೂ ಬಿಡದೆ ಹೇಳಿದಳು. ಹೇಳುವಾಗ ತನ್ನ ಧ್ವನಿ ಅವಳಿಗೇ ಬೇರೆಯವರದೆಂಬಂತೆ ಕೇಳಿಸಿತು.

ದೌಲತ್ ಪಂಜರದ ಬಳಿ ಬಗ್ಗಿ ಮೊಲಗಳ ಕಿವಿಗಳನ್ನು ನೋಡಿದಳು.

"ನೀನು ಬಾಯಿ ಮುಚ್ಕೊಂಡು ಬೇಯಿಸಿದ್ದಿದ್ರೆ ನನಗೇನಾದ್ರೂ ತಿಳೀತಿತ್ತಾ?"

"ತಿಳೀತಿರಲಿಲ್ಲ."

ದೌಲತ್ ಬಾತಿನ ಒಂದು ತೊಡೆ ಮುರಿದಳು, ಅದನ್ನು ಅತಿಯಾತಳ ಬಾಯಿಗೆ ಹಿಡಿದಳು. "ಮೊದಲು ನೀನು ತಿನ್ನು. ಹತ್ತು ದಿನದಿಂದ ಏನೂ ತಿಂದಿಲ್ಲ ಅಂತ ನಿನ್ನ ಮುಖಾನೇ ಹೇಳುತ್ತೆ." ಆಮೇಲೆ ನಾದಿನಿಯರ ಕಡೆಗೆ, "ನೋಡಿದ್ರಾ, ನಿಮ್ಮ ಸೊಸೇರು ಚಿನ್ನ ತಂದ್ರು, ಮಂಚ ತಂದ್ರು. ನನ್ನ ಸೊಸೆ ಸೂಜಿ ಹಾಕಿಸಿಕೊಂಡ ನೆಂಟರನ್ನ ತಂದಿದ್ದಾಳೆ. ಮುಂದಿನ ವಾರ ಡಾಕ್ಟರೂ ಬರ್ತಾಳಂತೆ."

ಮೊದಲು ನಕ್ಕವಳು ಹಿರಿಯ ನಾದಿನಿ. ಆಮೇಲೆ ಯಾರು ನಗುತ್ತಿದ್ದಾರೆ, ಯಾರು ಉಲಿಯುತ್ತಿದ್ದಾರೆ ಎಂದು ತಿಳಿಯಲಿಲ್ಲ. ಬಾಯಿ ತುಂಬ ಬಾತುಮಾಂಸವಿದ್ದ ಅತಿಯಾತಳ ಕಣ್ಣಲ್ಲಿ ನೀರು ಬಂತು.

ರಾವ್ಯಾ ಗೋರಂಟಿಯ ಕೈಯಿಂದ ಪಂಜರದ ಬಾಗಿಲು ತೆರೆದಳು. ಬಿಳಿ ಮೊಲ ಮೆಲ್ಲನೆ ಹೊರಬಂದು ಅಂಗಳದ ನಡುವೆ ಕುಳಿತು, ಹಿಂದಿನ ರಾತ್ರಿ ಕಣ್ಣು ಬೀಳದಿರಲೆಂದು ಮದುಮಕ್ಕಳ ಮೇಲೆ ಎರಚಿ ಕಲ್ಲುಹಾಸಿನ ಸಂದಿಯಲ್ಲಿ ಉಳಿದಿದ್ದ ಉಪ್ಪನ್ನು ನೆಕ್ಕತೊಡಗಿತು.