ಅಜ್ಜನ ಮೂಗಿನ ಮೊಮ್ಮಗಳು

ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಯಾರಿಗೆ ಬರುತ್ತದೆಂದು ತಿಳಿಯಲು ರಕ್ತ ಪರೀಕ್ಷೆ ಬೇಕಿರಲಿಲ್ಲ. ನಮ್ಮತ್ತೆ ಸೀತಮ್ಮ ಮೂಗು ನೋಡಿಯೇ ಹೇಳಿಬಿಡುತ್ತಿದ್ದರು. ಮಾವ ಕೃಷ್ಣಸ್ವಾಮಿಯವರದು ತುದಿ ಬಾಗಿದ ಗಿಣಿಮೂಗು, ಅವರಿಗೆ ಸಕ್ಕರೆ ಕಾಯಿಲೆ. ಅವರ ತಂಗಿಗೂ ಅದೇ ಮೂಗು, ಅದೇ ಕಾಯಿಲೆ. ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ನನ್ನ ಗಂಡ ಸುದರ್ಶನ್‌ಗೆ ಅತ್ತೆಯ ಮೊಂಡು ಮೂಗು. ಆದ್ದರಿಂದ ಅವರು ಹುಟ್ಟುತ್ತಲೇ ಪಾರು. ಹೋಳಿಗೆಯ ಮೇಲೆ ಹಾಲು ಸುರಿದುಕೊಂಡು, ಅದು ಸಪ್ಪೆ ಎಂದು ಸಕ್ಕರೆಯನ್ನೂ ಉದುರಿಸಿಕೊಳ್ಳುತ್ತಿದ್ದರು. ಹೊಟ್ಟೆ ಅಂಗಿಯ ಗುಂಡಿ ಕೀಳುವಷ್ಟು ಬೆಳೆದಿತ್ತು. ದೇವರ ದಯೆ, ಮೂಗು ಮಾತ್ರ ಬೆಳೆದಿರಲಿಲ್ಲ.

ಗಿಣಿಮೂಗು ಬಂದದ್ದು ನಮ್ಮ ಮಗಳು ತನ್ಮಯಿಗೆ. ಏಳು ವರ್ಷದ ಮಗು. "ಹುಟ್ಟುಗುಣ ಸುಟ್ರೂ ಹೋಗಲ್ಲ ಕಣೇ" ಎನ್ನುತ್ತ ಅತ್ತೆ ಅವಳ ತಟ್ಟೆಯ ಲಾಡು ತೆಗೆದು ಮಗನ ತಟ್ಟೆಗೆ ಹಾಕುತ್ತಿದ್ದರು. ಕೆ.ಆರ್. ಪುರದ ನಮ್ಮ ಫ್ಯಾಕ್ಟರಿ ಕಾಲೊನಿಯಲ್ಲಿ ಪಕ್ಕದ ಮನೆಯ ಅಮೃತಮ್ಮ ಸಿಹಿ ಹಂಚಲು ಬಂದರೆ ತನ್ಮಯಿ ಎಡಗೈಯಿಂದ ಮೂಗು ಮುಚ್ಚಿಕೊಂಡು ಬಲಗೈ ಚಾಚುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಹೊಸ ಶೂ ಕಚ್ಚಿ ಸುದರ್ಶನ್ ಕಾಲಿನ ಹೆಬ್ಬೆರಳಿಗೆ ಗಾಯವಾಯಿತು. ತಿಂಗಳಾದರೂ ಒಣಗಲಿಲ್ಲ.

"ರೀ, ಒಂದ್ಸಲ ಶುಗರ್ ಟೆಸ್ಟ್ ಮಾಡಿಸ್ಕೊಳ್ಳಿ" ಎಂದೆ.

"ನಂಗ್ಯಾಕೆ? ನಾನು ಅಮ್ಮನ ಕಡೆ" ಎಂದರು.

ಅತ್ತೆ ದನಿಗೂಡಿಸಿದರು. "ನಮ್ಮ ತವರಲ್ಲಿ ಯಾರಿಗೂ ಇರ್ಲಿಲ್ಲಮ್ಮ. ನಮ್ಮಪ್ಪ ಹೋಗಿದ್ದು ಮೊಳೆ ಚುಚ್ಚಿ, ಕಾಲು ಕೊಳೆತು."

"ನಿಮ್ಮಣ್ಣ?"

"ಅವನೂ ಹಾಗೇ. ಮೊಳೆ."

ಅವರ ತವರಿನ ಬೀದಿ ತುಂಬ ಮೊಳೆಗಳೇ ಬಿದ್ದಿರುತ್ತಿದ್ದವು ಎಂದು ಕಾಣುತ್ತದೆ.

ಎರಡು ಸಾವಿರದ ಏಳನೆಯ ಇಸವಿ ಅದು. ಸಕ್ಕರೆ ಕಾಯಿಲೆ ಮನೆತನಗಳಲ್ಲಿ ಹೇಗೆ ಇಳಿದುಬರುತ್ತದೆಂದು ಅಧ್ಯಯನ ಮಾಡುವ ತಂಡವೊಂದು ಕಾಲೊನಿಗೆ ಬಂತು. ಅದರ ಮುಖ್ಯಸ್ಥೆ ಬೆನ್ಸನ್ ಟೌನಿನ ಡಾಕ್ಟರ್ ಸಾಬಿರಾ. ಮೂರು ತಲೆಮಾರಿನವರ ರಕ್ತ ಬೇಕಂತೆ. ಕಾಯಿಲೆ ಗಂಡನ ಮನೆತನದ್ದೇ ಎಂಬುದಕ್ಕೆ ಡಾಕ್ಟರರ ಮೊಹರೂ ಬೀಳಲೆಂದು ಅತ್ತೆಯೇ ನಮ್ಮೆಲ್ಲರನ್ನೂ ಖಾಲಿ ಹೊಟ್ಟೆಯಲ್ಲಿ ಹೊರಡಿಸಿದರು.

ಬೆರಳು ಚುಚ್ಚಿ ನೋಡಿದರು. ಮಾವನದು ಹತೋಟಿಯಲ್ಲಿತ್ತು. ತನ್ಮಯಿಗೆ ಏನೂ ಇರಲಿಲ್ಲ. ಸುದರ್ಶನ್‌ದು ಮುನ್ನೂರು ದಾಟಿತ್ತು. ಅತ್ತೆಯದು ಅದರ ಹಿಂದೆಯೇ ಇತ್ತು.

"ಮಿಷಿನ್ ಕೆಟ್ಟಿದೆ, ನಮ್ಮಿಬ್ರ ಮೂಗು ನೋಡಿ" ಎಂದರು ಅತ್ತೆ. ಡಾಕ್ಟರು ಇನ್ನೊಂದು ತರಿಸಿದರು. ಪಾಪ, ಅದೂ ಕೆಟ್ಟಿತ್ತು.

"ಅಮ್ಮಾ, ಇದು ಒಂದೇ ಜೀನಿನ ಕೆಲಸ ಅಲ್ಲ" ಎಂದು ಡಾಕ್ಟರು ಸಮಾಧಾನವಾಗಿ ಹೇಳಿದರು. "ಎಷ್ಟೋ ಜೀನ್‌ಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಇರುತ್ತೆ. ಕೆಲವು ಅಪ್ಪನಿಂದ, ಕೆಲವು ಅಮ್ಮನಿಂದ ಬರುತ್ತೆ. ಮೂಗು ನೋಡಿ ಬರಲ್ಲ. ಅವು ಇದ್ರೂ ಕಾಯಿಲೆ ಬಂದೇ ಬರುತ್ತೆ ಅಂತಲ್ಲ, ಅಪಾಯ ಜಾಸ್ತಿ ಅಷ್ಟೆ. ಉಳಿದದ್ದು ಊಟ, ಓಡಾಟ, ಹೊಟ್ಟೆ." ಕೊನೆಯ ಮಾತಿಗೆ ಅವರು ಸುದರ್ಶನ್ ಕಡೆ ನೋಡಿದರು. ಆಮೇಲೆ ಕಾಲಿನ ಹೆಬ್ಬೆರಳಿನ ಕಟ್ಟು ಬಿಚ್ಚಿಸಿದರು. "ಇವತ್ತೇ ಆಸ್ಪತ್ರೆಗೆ ಹೋಗಿ. ಇನ್ನೂ ತಡ ಮಾಡಿದ್ರೆ ಬೆರಳು ಉಳಿಯಲ್ಲ."

ನನಗೆ ಭಯಕ್ಕಿಂತ ಮೊದಲು ಸಿಟ್ಟು ಬಂತು. ಮಾವ ಮಾತ್ರ ಮದುವೆಯಾದಾಗಿನಿಂದ ಹೊತ್ತಿದ್ದ ಹೊರೆ ಇಳಿಸಿದವರಂತೆ ಕುರ್ಚಿಗೆ ಒರಗಿಕೊಂಡರು. "ಎಲ್ಲರ ಮನೆ ದೋಸೇನೂ ತೂತೇ, ಸೀತಾ" ಎಂದರು. ಅತ್ತೆ ತಮ್ಮ ಕಾಲುಗಳನ್ನೇ ನೋಡುತ್ತಿದ್ದರು.

ಬೆರಳು ಉಳಿಯಿತು. ಮುಂದಿನ ತಿಂಗಳು ತನ್ಮಯಿಯ ಹುಟ್ಟುಹಬ್ಬ ಬಂತು. ಅತ್ತೆ ತಾವೇ ಪಾಯಸ ಮಾಡಿ, ಬಟ್ಟಲಿಗೆ ಬಡಿಸಿ, ಅವಳ ಮುಂದೆ ಕೂತರು.

"ತಿನ್ನು ಕಂದಾ. ನೀನು ತಿನ್ಬಹುದು."

ತನ್ಮಯಿ ಬಟ್ಟಲು ನೋಡಿದಳು, ಅಜ್ಜಿಯ ಮುಖ ನೋಡಿದಳು. ಎಡಗೈಯಿಂದ ಮೂಗು ಮುಚ್ಚಿಕೊಂಡು ಬಲಗೈಯಲ್ಲಿ ಚಮಚ ತೆಗೆದುಕೊಂಡಳು. ಅತ್ತೆ ಮೂಗಿನ ಮೇಲಿದ್ದ ಕೈಯನ್ನು ಮೆಲ್ಲಗೆ ಸರಿಸಲು ನೋಡಿದರು. ಅವಳು ಬಿಡಲಿಲ್ಲ.