ಅಂಗೈಗೆ ಹೇಳಿದ ಮಾತು

ಬಾಳವ್ವ ಮತ್ತೊಮ್ಮೆ ಅತ್ತೆಯ ತಲೆಯನ್ನು ನೆಟ್ಟಗೆ ಮಾಡಿ, ಹಣೆಗೆ ಸುತ್ತಿದ ಬಿಳಿ ಅರಿವೆಯನ್ನು ಗೋಡೆಯ ಗೂಟಕ್ಕೆ ಬಿಗಿದಳು. ಕೈ ತೆಗೆದ ಕೂಡಲೇ ತಲೆ ತುಸು ಎಡಕ್ಕೆ ವಾಲಿತು. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ತೊಡೆಯ ಮೇಲೆ ಬಿಡಿಸಿಟ್ಟ ಎಡ ಅಂಗೈಯಲ್ಲಿ ಇಷ್ಟಲಿಂಗ. ಗೋಡೆಗೆ ಒರಗಿ ಕೂತ ಶಿವಲಿಂಗವ್ವ ಯಾರದೋ ಮಾತಿಗೆ ಬಲಗಿವಿ ಕೊಟ್ಟಂತೆ ಕಾಣುತ್ತಿದ್ದಳು.

"ಬಿಡಬೇ ಬಾಳವ್ವಾ," ಎಂದಳು ಬಾಜು ಮನೆಯ ಮಾಯಕ್ಕ. "ಇದ್ದಾಗರ ಎಂದ ನೆಟ್ಟಗ ಕುಂತಿದ್ಲು? ಯಾರ್ ಏನ್ ಅಂತಾರ ಅಂತ ಹಿಂಗಽ ಕಿವಿ ಕೊಟ್ಕೊಂಡ ಕುಂದರ್ತಿದ್ಲು."

ಸೊಸೆಯಾಗಿ ಬಂದ ದಿನದಿಂದ ಆ ಬಲಗಿವಿ ತನ್ನ ಬೆನ್ನ ಹಿಂದೆಯೇ ಇದ್ದಂತೆ ಬಾಳವ್ವನಿಗೆ ಅನಿಸುತ್ತಿತ್ತು.

ಅಂಗಳದಲ್ಲಿ ಭಜನೆಯವರು ಚಹಾಕ್ಕೆಂದು ತಾಳ ಕೆಳಗಿಟ್ಟರು. ಆಗ ಓಣಿಯ ಮೌನ ಕಿವಿಗೆ ರಾಚಿತು. ಸಾವಾಗಿದೆ ಎಂದು ಎಲ್ಲರೂ ಮಗ್ಗ ನಿಲ್ಲಿಸಿದ್ದರು. ಖಾಸಬಾಗದ ಆ ಓಣಿಯಲ್ಲಿ ಪಾವರ್‌ಲೂಮುಗಳ ಖಟಖಟ ಇಲ್ಲದ ಮಧ್ಯಾಹ್ನವನ್ನು ಬಾಳವ್ವ ಕಂಡದ್ದು ಅಪರೂಪ.

"ದುಂಡಪ್ಪಾ, ಹೊತ್ತ ಮುಳುಗೂದರೊಳಗ ಎತ್ತಬೇಕಪಾ," ಎಂದರು ಜಂಗಮ ಬಸಯ್ಯನವರು.

"ಇನ್ನೊಂದ ಬಸ್ ನೋಡೂಣ್ರಿ ಅಯ್ಯನವರ. ನಮ್ಮ ಚಿಗವ್ವ ಬೀಡಿ ಊರಿಂದ ಬರಬೇಕು. ಖಾನಾಪುರದಾಗ ಬಸ್ ತಪ್ಪಿರಬೇಕು," ಎಂದ ಬಾಳವ್ವನ ಗಂಡ.

ಬಾಳವ್ವ ಮಾಯಕ್ಕನ ಕಡೆಗೆ ಸರಿದು ಮೆಲ್ಲಗೆ ಕೇಳಿದಳು: "ನಿನ್ನಿ ಸಂಜಿಕ ಅತ್ತಿ ಅಂಗೈಯಾಗಿನ ಲಿಂಗಕ್ಕ ಏನ ಹೇಳಿದ್ಲು? ನಿನಗ ಕೇಳಿಸ್ತೇನ?"

"ನಿನ್ನ ರಾಟಿ ಸಪ್ಪಳ ಎಲ್ಲಿ ಬಿಟ್ಟೀತಬೇ ಕೇಳಾಕ?"

*

ಎಪ್ಪತ್ತೆರಡನೇ ಇಸವಿಯಲ್ಲಿ ಬಾಳವ್ವ ಈ ಮನೆಗೆ ಬಂದಾಗ ಕೈಮಗ್ಗದ ಜಾಗದಲ್ಲಿ ಪಾವರ್‌ಲೂಮ್ ಕೂತು ವರ್ಷಗಳಾಗಿದ್ದವು. ಮನೆಯಲ್ಲಿ ಎಲ್ಲರದೂ ಕೂಗಿ ಮಾತಾಡುವ ರೂಢಿ. ಮೊದಲ ವಾರದ ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಪಡಸಾಲೆಯಲ್ಲಿ ಅತ್ತೆ ಪೂಜೆ ಮುಗಿಸಿ, ಅಂಗೈಯ ಲಿಂಗದ ಮೇಲೆ ಬಾಗಿ ಹೇಳತೊಡಗಿದಳು:

"ಇವತ್ತ ಸೊಸಿಗೆ ರೊಟ್ಟಿ ದಪ್ಪ ಆಗ್ಯಾವ ಅಂದೆ. ದಪ್ಪ ಆಗಿದ್ವು, ಖರೇ. ಆದ್ರ ಮಂದಿ ಮುಂದ ಅನಬಾರದಿತ್ತು. ನಾಳಿ ಅನ್ನಂಗಿಲ್ಲ."

ಮರುದಿನ ನಳದ ಹತ್ತಿರ ಮಾಯಕ್ಕ ಕೊಡ ಇಳಿಸಿ ನಕ್ಕಳು. "ಏನ ಹೊಸಾ ಸೊಸಿ, ರೊಟ್ಟಿ ದಪ್ಪ ಆಗಿದ್ವಂತ?"

ಬಾಳವ್ವನ ಮುಖ ಕೆಂಪೇರಿತು. ಅತ್ತೆ ಭಾರೀ ಜಾಣೆ, ತಪ್ಪು ಒಪ್ಪಿಕೊಳ್ಳುವ ನೆವದಲ್ಲಿ ಸೊಸೆಯ ರೊಟ್ಟಿಯ ಸುದ್ದಿಯನ್ನು ಓಣಿಗೆಲ್ಲ ಹಂಚುತ್ತಾಳೆ ಎಂದು ಅವಳು ಅಂದೇ ತೀರ್ಮಾನಿಸಿಕೊಂಡಳು. ಅತ್ತೆ ಆಮೇಲೆ ಮಂದಿಯ ಮುಂದೆ ರೊಟ್ಟಿಯ ಮಾತು ಎತ್ತಲಿಲ್ಲ ಎಂಬುದು ಅವಳ ಲೆಕ್ಕಕ್ಕೆ ಬರಲಿಲ್ಲ. ಹಾಗೆಂದು ಅತ್ತೆ ಬದಲಾಗಿಯೇ ಬಿಟ್ಟಳು ಎಂದೂ ಅಲ್ಲ. ಕೆಲವು ದಿನ ನಾಲಿಗೆ ಹಿಡಿತದಲ್ಲಿರುತ್ತಿತ್ತು, ಮತ್ತೆ ಜಾರುತ್ತಿತ್ತು, ಸಂಜೆಗೆ ಮತ್ತೆ ಅಂಗೈ. ಉಪ್ಪಿನ ಮಾತು, ಕೂಸಿನ ಮೈಮೇಲಿನ ಗಂಧೆಯ ಮಾತು, ತವರಿನವರು ತಂದ ಸೀರೆಯ ಮಾತು. ಎಲ್ಲದರ ಕೊನೆಗೂ ಅದೇ "ನಾಳಿ."

ನಿನ್ನೆ ಮುಂಜಾನೆ ಬಾಳವ್ವ ನಾಲ್ಕು ದಿನ ತವರಿಗೆ ಹೋಗಿ ಬರುತ್ತೇನೆ ಎಂದಿದ್ದಳು. ಅತ್ತೆಗೆ ಏನಾಗಿತ್ತೋ, "ಹೋಗು. ಹೊಳ್ಳಿ ಬರಬ್ಯಾಡ," ಎಂದುಬಿಟ್ಟಳು. ಹಗಲೆಲ್ಲ ಇಬ್ಬರಿಗೂ ಮಾತಿಲ್ಲ. ಸಂಜೆ ಬಾಳವ್ವ ರಾಟಿ ತಿರುವಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು. ಪೂಜೆ ಮುಗಿಯಿತು.

"ಇವತ್ತ ಬಾಳವ್ವಗ..."

ಇನ್ನು ಇದನ್ನೂ ಓಣಿ ಕೇಳಬೇಕೇ ಎಂದು ಬಾಳವ್ವ ರಾಟಿಯನ್ನು ಜೋರಾಗಿ ತಿರುವಿದಳು. ನೂಲು ಹರಿಯಿತು. ಹರಿದರೂ ಬರೀ ರಾಟಿಯನ್ನೇ ತಿರುವಿದಳು. ಅವಳು ಕೈ ನಿಲ್ಲಿಸುವ ಹೊತ್ತಿಗೆ ಅತ್ತೆ ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಳ ಹಾಕುತ್ತಿದ್ದಳು. ಬೆಳಿಗ್ಗೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು.

*

ಬೀಡಿಯಿಂದ ಅತ್ತೆಯ ತಂಗಿ ಶಿವಬಸವ್ವ ಬಂದಳು. ಬಂದವಳೇ ಅಕ್ಕನ ಎಡಕ್ಕಿದ್ದ ಖಾಲಿ ಜಾಗವನ್ನು ಬಿಟ್ಟು, ಹೆಂಗಸರನ್ನು ಸರಿಸಿಕೊಂಡು ಬಲಕ್ಕೇ ಹೋಗಿ ಕೂತು, ಆ ಕಿವಿಗೆ ಬಾಯಿ ಹಚ್ಚಿ ಅತ್ತಳು.

"ಈಚಿ ಬಾಜೂ ಬರ್ರಿ, ಜಾಗಾ ಐತಿ," ಎಂದಳು ಮಾಯಕ್ಕ.

"ಆ ಕಿವಿ ಪೂರಾ ಹೋಗಿತ್ತವ್ವಾ. ಇದರಾಗ ಅಷ್ಟಿಷ್ಟ ಕೇಳ್ತಿತ್ತು."

ಹೆಂಗಸರು ಮುಖ ಮುಖ ನೋಡಿಕೊಂಡರು.

"ಯಾರಿಗೂ ಗೊತ್ತಿಲ್ಲೇನ? ಪಾವರ್‌ಲೂಮ ಬಂದ ಮ್ಯಾಲ ಹ್ವಾದ್ವು. ದುಂಡಪ್ಪಗ ಹೇಳಿದ್ರ ಮಗ್ಗಾ ಬಂದ್ ಮಾಡಿ ಕುಂತಾನು ಅಂತ ನನ್ನ ಕಡಿಂದ ಆಣಿ ಹಾಕಿಸ್ಕೊಂಡಿದ್ಲು. ಅದನ್ನರ ಹೆಂಗ ಹೇಳಿದ್ಲು? ಗುಟ್ಟಂತ ಕಿವಿಯಾಗ ಪಿಸುಗುಟ್ಟಿದ್ಲು, ಬೀಡಿ ಸಂತಿಗೆ ಸಂತೀನಽ ಹೊಳ್ಳಿ ನೋಡ್ತು!"

ಅಳುತ್ತಿದ್ದವರು ನಕ್ಕರು. ಶಿವಬಸವ್ವನೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ನಕ್ಕಳು. ಬಾಗಿಲಲ್ಲಿ ನಿಂತಿದ್ದ ದುಂಡಪ್ಪ ಮಗ್ಗದ ಕೋಣೆಯ ಕಡೆಗೊಮ್ಮೆ ನೋಡಿ ಹೊರಗೆ ಹೋದ.

ಬಾಳವ್ವ ಮಾತ್ರ ನಗಲಿಲ್ಲ. "ಸಣ್ಣತ್ತಿ, ಸಂಜಿಕ ಅತ್ತಿ ಅಂಗೈ ಲಿಂಗಕ್ಕ ಹೇಳ್ಕೊಂತಿದ್ಲಲ್ಲ, ಅದು?"

"ಅದು ನಮ್ಮಪ್ಪ ಕಲಿಸಿದ್ದು. ದಿನದಾಗ ಏನ ತಪ್ಪಾತು, ನಾಳಿ ಹೆಂಗ ಇರಬೇಕು, ಅಂಗೈಗೆ ಹೇಳಬೇಕು. ತುಟಿ ಅಲ್ಲಾಡಬೇಕು, ಮಗ್ಗಲಿಗೆ ಕುಂತಾಕಿಗೂ ಕೇಳಬಾರದು." ಶಿವಬಸವ್ವ ಸೊಸೆಯ ಮುಖ ನೋಡಿದಳು. "ಯಾಕವ್ವಾ, ಕೇಳತಿತ್ತೇನ?"

ಮಾಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು.

"ಇಲ್ರಿ," ಎಂದಳು ಬಾಳವ್ವ. "ಏನೂ ಕೇಳತಿರಲಿಲ್ಲ."

ಭಜನೆ ಮತ್ತೆ ಶುರುವಾಯಿತು. ಹೊತ್ತೊಯ್ಯಲು ಹೂವು ಕಟ್ಟಿ ಸಿದ್ಧಮಾಡಿದ ವಿಮಾನದಲ್ಲಿ ಶಿವಲಿಂಗವ್ವನನ್ನು ಕೂಡಿಸಿದರು. ತಲೆ ಎಡಕ್ಕೆ ವಾಲಿತು. ಬಾಳವ್ವ ಈ ಸಲ ಅದನ್ನು ನೆಟ್ಟಗೆ ಮಾಡಲು ಹೋಗಲಿಲ್ಲ.

*

ಮಣ್ಣು ಕೊಟ್ಟು ಬಂದವರು ಜಳಕ ಮಾಡಿ ಕೂತಿದ್ದರು. ಯಾರೋ ತಂದಿಟ್ಟ ಬುತ್ತಿ ಹಾಗೆಯೇ ಇತ್ತು. ಅತ್ತೆ ಒರಗಿದ್ದ ಗೋಡೆಯ ಮೇಲೆ ತಲೆ ತಾಗಿದ ಎತ್ತರಕ್ಕೆ ವಿಭೂತಿಯ ಗುರುತು ಉಳಿದಿತ್ತು. ಬಾಳವ್ವ ದೀಪ ಹಚ್ಚಿ ಆ ಗುರುತಿನ ಕೆಳಗೆ ಕೂತಳು. ತನ್ನ ಕೊರಳ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ಮಗ್ಗಗಳಿನ್ನೂ ನಿಂತೇ ಇದ್ದವು. ಗೋಡೆಯಾಚೆ ಮಾಯಕ್ಕ ಪಾತ್ರೆ ತಿಕ್ಕುವುದು ಸ್ಪಷ್ಟವಾಗಿ ಕೇಳುತ್ತಿತ್ತು.

"ನಿನ್ನಿ ಅತ್ತಿ..." ಎಂದು ತುಟಿಯೊಳಗೇ ಶುರುಮಾಡಿ ನಿಲ್ಲಿಸಿದಳು. ಆಮೇಲೆ ಬಾಯಿ ಬಿಟ್ಟು ಹೇಳಿದಳು:

"ನಿನ್ನಿ ಅತ್ತಿ ಮಾತಾಡಾಕತ್ತಿದ್ಲು. ಕೇಳಬಾರದಂತ ರಾಟಿ ತಿರುವಿದೆ."

ಪಾತ್ರೆಯ ಸದ್ದು ನಿಂತಿತು. ಬಾಳವ್ವನಿಗೆ ಅದು ಗೊತ್ತಾಯಿತು. ದನಿ ತಗ್ಗಿಸಲಿಲ್ಲ.

"ನಾಳಿ ಯಾರರ ಏನರ ಹೇಳಾಕ ಬಂದ್ರ, ಪೂರಾ ಕೇಳ್ತೀನಿ."

ದೀಪದ ಕುಡಿ ಅಲ್ಲಾಡಿ ಸರಿಯಾಯಿತು. ಗೋಡೆಯಾಚೆ ಪಾತ್ರೆಗಳು ಇನ್ನೂ ಸುಮ್ಮನೇ ಇದ್ದವು.